ಸಾಸಿವೆ ಡಬ್ಬಿ ಎಲ್ಲಿದೆ?

ನಮ್ಮ ಮನೆಯಲ್ಲಿ ಮೂರು ಕಂಪ್ಯೂಟರುಗಳಿವೆ. ಮೂರಕ್ಕೂ ಮೂರು ಮತ. ಒಂದು ವಿಂಡೋಸ್, ಒಂದು ಮ್ಯಾಕ್, ಇನ್ನೊಂದು ಹಳೆಯ ಲ್ಯಾಪ್‌ಟಾಪಿನ ಮೇಲೆ ಕೂತಿರುವ ಲಿನಕ್ಸ್. ಸಂಘದ ಹಬ್ಬದೂಟದಲ್ಲಿ "ಯಾವುದು ಒಳ್ಳೆಯದು?" ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಹೋಳಿಗೆ ತಣ್ಣಗಾಗುವವರೆಗೂ ವಾದ ನಡೆಯುತ್ತದೆ. ವೇಗ, ಬೆಲೆ, ವೈರಸ್ಸು ಎಲ್ಲದರ ಲೆಕ್ಕವೂ ಬರುತ್ತದೆ. ಮೈಸೂರಿನಿಂದ ಅಮ್ಮ ಆರು ತಿಂಗಳಿಗೆಂದು ಬಂದ ಮೇಲೆ ನಾವು ಬೇರೊಂದು ಲೆಕ್ಕವನ್ನೂ ಹಾಕತೊಡಗಿದೆವು.

ಅಮ್ಮ ಊರಿನಲ್ಲಿ ಹತ್ತು ವರ್ಷ ವಿಂಡೋಸ್ ಬಳಸಿದವರು. ತಂಗಿಯರಿಗೆ ಕನ್ನಡದಲ್ಲೇ ಉದ್ದುದ್ದ ಇ-ಮೇಲ್ ಬರೆಯುವುದು ಅವರ ಮಧ್ಯಾಹ್ನದ ಕೆಲಸ. ನಮ್ಮ ನಡುಮನೆಯಲ್ಲಿರುವುದು ಮ್ಯಾಕ್. ಒಂದು ತಿಂಗಳಲ್ಲಿ ಬರೆಯುವುದೇ ನಿಂತುಹೋಯಿತು. ಯಾಕಮ್ಮ ಎಂದರೆ, "ಪ್ರತಿ ಸಲಕ್ಕೂ ಮಗೂನ ಕೂಗಬೇಕು ಕಣ್ರೋ, ಅದಕ್ಕೂ ಓದೋದು ಇರುತ್ತಲ್ಲ" ಎಂದರು.

ಇದು ಮ್ಯಾಕ್‌ನ ದೋಷವೂ ಅಲ್ಲ, ಅಮ್ಮನ ದೋಷವೂ ಅಲ್ಲ. ವಿಂಡೋಸ್‌ನಲ್ಲಿ ಕಿಟಕಿ ಮುಚ್ಚುವ ಗುರುತು ಬಲತುದಿಯಲ್ಲಿ, ಮ್ಯಾಕ್‌ನಲ್ಲಿ ಎಡತುದಿಯ ಕೆಂಪು ಗುಂಡಿ. ಅದನ್ನು ಒತ್ತಿದರೆ ಕಿಟಕಿ ಮುಚ್ಚುತ್ತದೆ, ಪ್ರೋಗ್ರಾಂ ಅನೇಕ ಸಲ ಒಳಗೆ ನಡೆಯುತ್ತಲೇ ಇರುತ್ತದೆ. ಅಲ್ಲಿ ಕಂಟ್ರೋಲ್ ಒತ್ತಿ ನಕಲು ಮಾಡಿದರೆ, ಇಲ್ಲಿ ಕಮಾಂಡ್ ಒತ್ತಬೇಕು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ!

ತಮಾಷೆಯೆಂದರೆ ಎರಡಕ್ಕೂ ತವರು ಒಂದೇ. ನಮ್ಮ ಈ ಪತ್ರಿಕೆಯ ಪ್ರತಿ ತೆಗೆಯುವುದಕ್ಕೆ ಊರಿನಲ್ಲಿ ಯಾವ ಹೆಸರು ಹೇಳುತ್ತೇವೋ ಅದೇ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ಆಲ್ಟೊ ಎಂಬ ಯಂತ್ರ ತಯಾರಾಯಿತು. ಕಿಟಕಿ, ಮೌಸ್‌ಗಳ ಈ ಸಂಸಾರ ಬೆಳೆದದ್ದು ಅಲ್ಲಿಂದ. 1984ರಲ್ಲಿ ಮ್ಯಾಕಿಂತೋಷ್ ಬಂತು, 1985ರಲ್ಲಿ ಮೊದಲ ವಿಂಡೋಸ್.

ಇಬ್ಬರ ಯೋಚನೆಗೂ ಕಾರಣವಿದೆ. ಗುರಿ ದೊಡ್ಡದಿದ್ದಷ್ಟೂ ಹತ್ತಿರವಿದ್ದಷ್ಟೂ ಕೈ ಬೇಗ ತಲುಪುತ್ತದೆ ಎಂದು ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ತೋರಿಸಿದ್ದರು. ಮ್ಯಾಕ್‌ನ ಮೆನು ಪರದೆಯ ಮೇಲಂಚಿನಲ್ಲಿರುವುದರಿಂದ ಮೌಸನ್ನು ಎಷ್ಟು ಜೋರಾಗಿ ತಳ್ಳಿದರೂ ಬಾಣ ಅಲ್ಲೇ ನಿಲ್ಲುತ್ತದೆ, ಗುರಿ ದಾಟುವುದಿಲ್ಲ. ವಿಂಡೋಸ್‌ನಲ್ಲಿ ಆಯಾ ಕಿಟಕಿಯ ಮೆನು ಆಯಾ ಕಿಟಕಿಯಲ್ಲೇ ಇರುವುದರಿಂದ ಯಾವುದು ಯಾರದೆಂಬ ಗೊಂದಲವಿಲ್ಲ. 1995ರಲ್ಲಿ ಬಂದ "ಸ್ಟಾರ್ಟ್" ಗುಂಡಿಯಂತೂ ಎಲ್ಲಿಂದ ಶುರುಮಾಡಲಿ ಎನ್ನುವವರಿಗೆ ನೇರ ಉತ್ತರ. 2012ರಲ್ಲಿ ವಿಂಡೋಸ್ 8 ಆ ಗುಂಡಿಯನ್ನು ತೆಗೆದಾಗ ಲೋಕವೆಲ್ಲ ಗೊಣಗಿತು. 2013ರಲ್ಲಿ ಗುಂಡಿ ಹಿಂತಿರುಗಿತು, 2015ರ ವಿಂಡೋಸ್ 10ರಲ್ಲಿ ಮೆನುವೂ ಬಂತು.

ಅಡುಗೆಮನೆಯೂ ಹೀಗೆಯೇ ಅಲ್ಲವೇ? ಎಣ್ಣೆ ಕಾದಾಗ ಕೈ ತಾನಾಗಿಯೇ ಸಾಸಿವೆ ಡಬ್ಬಿಗೆ ಹೋಗಬೇಕು. ಸೊಸೆ ಎಷ್ಟೇ ಅಚ್ಚುಕಟ್ಟಾಗಿ ಜೋಡಿಸಿಟ್ಟಿರಲಿ, ಡಬ್ಬಿ ಬೇರೆ ಗೂಡಿನಲ್ಲಿದ್ದರೆ ಹುಡುಕುವಷ್ಟರಲ್ಲಿ ಎಣ್ಣೆ ಹೊಗೆಯಾಡುತ್ತದೆ. ಕೈಗೆ ಗೊತ್ತಿರುವುದನ್ನು ಬಾಯಿಬಿಟ್ಟು ಕೇಳಬೇಕಾಗಿ ಬಂದರೆ ಹಿರಿಯರಿಗೆ ಸಂಕೋಚ. ಎರಡು ಸಲ ಕೇಳುತ್ತಾರೆ, ಮೂರನೆಯ ಸಲ ಆ ಕೆಲಸವನ್ನೇ ಬಿಡುತ್ತಾರೆ.

ನಮ್ಮ ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಿಡಿಸುವಂತಿರಲಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಅದಕ್ಕೆ ಲಿನಕ್ಸ್ ಮಿಂಟ್‌ನ ಸಿನಮನ್ ಆವೃತ್ತಿ ಹಾಕಿದ್ದೆವು. ಅದರಲ್ಲಿ ಮೆನು ಕೆಳಗೆ ಎಡಮೂಲೆಯಲ್ಲಿ, ಮುಚ್ಚುವ ಗುರುತು ಬಲಕ್ಕೆ, ನಕಲಿಗೆ ಅದೇ ಕಂಟ್ರೋಲ್. ನುಡಿಯಲ್ಲಿ ಅಮ್ಮ ಕಲಿತಿದ್ದ ಕೆ.ಪಿ. ರಾವ್ ಅವರ ಕೀಲಿಮಣೆಯೂ "ಕಗಪ" ಎಂಬ ಹೆಸರಿನಲ್ಲಿ ಸಿಕ್ಕಿತು. ಅಕ್ಷರ ದೊಡ್ಡದು ಮಾಡಿ ಅದನ್ನು ಅಮ್ಮನ ಮುಂದಿಟ್ಟೆವು. ಮೂರನೆಯ ದಿನ ಚಿಕ್ಕಮ್ಮನಿಂದ ಫೋನು: "ಅಕ್ಕನ ಕಾಗದ ಬಂತು, ಎರಡು ಪುಟ!"

ಎಲ್ಲರೂ ಲಿನಕ್ಸ್ ಹಾಕಿಕೊಳ್ಳಿ ಎನ್ನುತ್ತಿಲ್ಲ. ಊರಿನಿಂದ ಅಪ್ಪ ಅಮ್ಮ ಬರುವವರಿದ್ದರೆ ಅವರ ಕೈಗೆ ಏನು ರೂಢಿಯೆಂದು ಮೊದಲೇ ಕೇಳಿಕೊಳ್ಳಿ. ವಿಂಡೋಸ್ 11ರಲ್ಲಿ ನಡುವೆ ಕೂತಿರುವ ಸ್ಟಾರ್ಟ್ ಗುಂಡಿಯನ್ನು ಸೆಟ್ಟಿಂಗ್ಸ್‌ನಲ್ಲಿ ಎಡಕ್ಕೆ ಸರಿಸಬಹುದು. ಮ್ಯಾಕ್‌ನಲ್ಲಿ ಪುಟ ಸರಿಯುವ ದಿಕ್ಕನ್ನು ತಿರುಗಿಸಬಹುದು. ಐದು ನಿಮಿಷದ ಕೆಲಸ. ಆಮೇಲೂ ಅವರು ತಡವರಿಸಿದರೆ ಪಕ್ಕದಲ್ಲಿ ಕೂತು ಹೇಳಿಕೊಡಿ, ಮೌಸನ್ನು ಮಾತ್ರ ಅವರ ಕೈಯಿಂದ ತೆಗೆದುಕೊಳ್ಳಬೇಡಿ. ಮಕ್ಕಳಿಗೂ ಇದನ್ನು ಹೇಳಿಡಿ.