ನಿಂತುಹೋದ ಯಂತ್ರ

ಮಳೆಗಾಲದ ಒಂದು ಅಪರಾಹ್ನ. ಮಂಗಲ್ಪಾಡಿಯ ತೆಂಗಿನ ತೋಟಗಳ ಮೇಲೆ ಮಳೆಯು ಬಿಡದೆ ಸುರಿಯುತ್ತಿದ್ದಿತು. ನಾನು ಶಾಲೆಯ ಗಣಕಯಂತ್ರದ ಮುಂದೆ ಕುಳಿತು ಮಕ್ಕಳ ಅಂಕಗಳನ್ನು ತುಂಬಿಸುತ್ತಿದ್ದೆ. ಅರ್ಧ ತರಗತಿ ಮುಗಿದಿರಬೇಕು. ಪರದೆಯು ಒಮ್ಮೆಗೇ ಕಪ್ಪಾಗಿ ಬಿಳಿಯ ಅಕ್ಷರಗಳು ಮೂಡಿದವು. ಅವುಗಳಲ್ಲಿ ‘ಹಾರ್ಡ್‌ವೇರ್ ಎರರ್’, ‘ಕರ್ನೆಲ್ ಪ್ಯಾನಿಕ್’ ಎಂಬೆರಡು ಮಾತುಗಳಷ್ಟೇ ನನಗೆ ಓದಲು ಸಿಕ್ಕಿದವು. ಯಂತ್ರವನ್ನು ಬಾಯಿಗೆ ಬಂದಂತೆ ಬಯ್ದೆ. ಬಳಿಯಲ್ಲಿದ್ದ ಏಳನೆಯ ತರಗತಿಯ ಬಾಲಕನು, “ಮಾಷ್ಟ್ರೇ, ತಪ್ಪು ಗೊತ್ತಾದ ಮೇಲೆ ಅದು ತಿದ್ದಿಕೊಳ್ಳಬಹುದಲ್ಲ, ಯಾಕೆ ನಿಂತದ್ದು?” ಎಂದನು. ನನ್ನಲ್ಲಿ ಉತ್ತರವಿರಲಿಲ್ಲ. ಟಿ.ಟಿ.ಸಿ.ಯ ಪಾಠಗಳಲ್ಲಿ ಇದು ಬಂದಿರಲಿಲ್ಲವಷ್ಟೆ!

ಆಮೇಲೆ ಓದಿ ತಿಳಿದುದನ್ನು ಹೇಳುತ್ತೇನೆ. 2001ರಲ್ಲಿ ಆರಂಭವಾದ ಐ.ಟಿ. ಅಟ್ ಸ್ಕೂಲ್ ಯೋಜನೆಯಿಂದ ಕೇರಳದ ಶಾಲೆಗಳಿಗೆ ಪರಿಚಿತವಾದ ಲಿನಕ್ಸ್ ವ್ಯವಸ್ಥೆಯೇ ನಮ್ಮ ಯಂತ್ರದಲ್ಲಿಯೂ ಇರುವುದು. ಅದರ ತಿರುಳಿಗೆ ಕರ್ನೆಲ್ ಎಂದು ಹೆಸರು. ಯಕ್ಷಗಾನದ ಭಾಗವತರಂತೆ ಅದು. ಉಳಿದ ವೇಷಗಳೆಲ್ಲ ಅದರ ತಾಳಕ್ಕೆ ಕುಣಿಯಬೇಕು. ಕೀಲಿಯೊಂದನ್ನು ಒತ್ತಿದರೆ ಕರ್ನೆಲಿಗೆ ಕರೆ ಹೋಗುತ್ತದೆ. ‘ಈಗ ಬಿಡುವಿಲ್ಲ’ ಎಂದು ಅದನ್ನು ಕ್ಷಣಕಾಲ ತಡೆದಿಡಬಹುದು. ಆದರೆ ‘ನನ್ನೊಳಗೇ ಕೆಟ್ಟಿದೆ’ ಎಂದು ಪ್ರೊಸೆಸರು ಕೂಗುವ ‘ಮೆಷಿನ್ ಚೆಕ್’ ಎಂಬ ಕರೆಯನ್ನು ಹಾಗೆ ತಡೆಯಲಾಗದು. ಯಾವ ಕೆಲಸದ ನಡುವೆಯಾದರೂ ಅದು ಬಂದೀತು. ಆಗ ಬಲು ಎಚ್ಚರಿಕೆ ಬೇಕು. ಕಪಾಟಿನ ಬೀಗದ ಕೈಯು ನಡುವೆ ನಿಂತ ಕೆಲಸದ ಬಳಿಯಲ್ಲೇ ಉಳಿದಿದ್ದರೆ, ಅದಕ್ಕಾಗಿ ಕಾಯುವವನು ಎಂದೆಂದಿಗೂ ಕಾಯಬೇಕಾದೀತು! ಆದುದರಿಂದ ಕರ್ನೆಲ್ ಯಾವ ಬೀಗಕ್ಕೂ ಕಾಯದೆ, ಪ್ರೊಸೆಸರು ಬರೆದಿಟ್ಟ ದೋಷವಿವರವನ್ನು ಓದಿ ಗುರುತು ಹಾಕಿಕೊಳ್ಳುತ್ತದೆ.

ಯಂತ್ರವೇ ತಿದ್ದಿಕೊಂಡ ದೋಷವಾದರೆ ಆಟ ಮುಂದುವರಿಯುವುದು. ಸ್ಮೃತಿಕೋಶದ ಒಂದು ಪುಟ ಮಾತ್ರ ಕೆಟ್ಟಿದ್ದರೆ, ಪ್ರೊಸೆಸರಿನ ನೆರವಿದ್ದಲ್ಲಿ, ಆ ಪುಟವನ್ನು ಬದಿಗಿಟ್ಟು ಅದನ್ನು ಬಳಸುತ್ತಿದ್ದ ವೇಷವೊಂದನ್ನೇ ಚೌಕಿಗೆ ಕಳುಹಿಸಲು ಲಿನಕ್ಸ್ 2009ರಲ್ಲಿ ಕಲಿತಿತು. ಭಾಗವತರ ಸ್ವರವೇ ಕೆಟ್ಟರೆ? ಮಂಗಳ ಹಾಡುವುದೇ ಮರ್ಯಾದೆ. ಅಂದು ನಾನು ಕಂಡದ್ದು ಇದನ್ನು.

ಬಾಲಕನಿಗೆ ಇಷ್ಟು ಸಾಲದು. 82 ಎಂಬ ಅಂಕವು ಯಂತ್ರದೊಳಗೆ 1010010 ಎಂದಿದೆ ಎನ್ನೋಣ. ಮೊದಲಿನ 1 ಕೆಟ್ಟು 0 ಆದರೆ ಅದು 18! ಒಂದುಗಳ ಎಣಿಕೆ ಸಮವೋ ಬೆಸವೋ ಎಂದು ಮೊದಲೇ ಗುರುತಿಟ್ಟಿದ್ದರೆ ತಪ್ಪಾದುದು ತಿಳಿಯುತ್ತದೆ. ಎಲ್ಲಿ ಎಂಬುದು ತಿಳಿಯದು. ತಿಳಿಯದೆ ತಿದ್ದುವುದೆಂತು? 1981ರ ಐ.ಬಿ.ಎಂ. ಪಿ.ಸಿ.ಯು ಎಂಟು ಬಿಟ್‌ಗಳಿಗೆ ಒಂಬತ್ತನೆಯದಾಗಿ ಇಂಥ ಗುರುತನ್ನಿಟ್ಟು, ತಪ್ಪು ಕಂಡೊಡನೆ ನಿಂತುಬಿಡುತ್ತಿದ್ದಿತು. ಗುರುತುಗಳು ಹೆಚ್ಚಿದರೆ ಒಂದು ಬಿಟ್‌ನ ತಪ್ಪನ್ನು ತಿದ್ದಲೂಬಹುದು. ಆದರೆ ಅಂಥ ಸ್ಮೃತಿಕೋಶವು ದೊಡ್ಡ ಸರ್ವರುಗಳಲ್ಲಿ ಸಾಮಾನ್ಯ, ಶಾಲೆಯ ಯಂತ್ರಗಳಲ್ಲಿ ವಿರಳ.

ಇದನ್ನು ಓದಿದ ದಿನ ನನಗೆ ಭಯವಾಯಿತು. ಅಂದು ಕೂಗಿದ್ದು ಪ್ರೊಸೆಸರು, ಅದಕ್ಕೆ ಬಾಯಿಯಿದ್ದಿತು. ಸ್ಮೃತಿಕೋಶದಲ್ಲಿ ಸದ್ದಿಲ್ಲದೆ 82 ಹೋಗಿ 18 ಆಗಿದ್ದರೆ ನಾನದನ್ನೇ ಮುದ್ರಿಸಿ ಮಗುವಿನ ಮನೆಗೆ ಕಳುಹಿಸುತ್ತಿದ್ದೆ.

ಈಗ ಪಕ್ಕದ ತರಗತಿಯ ಟೀಚರು ಪರದೆಯನ್ನು ನೋಡಿ ಓದುತ್ತಾರೆ. ನಾನು ಕಾಗದದ ಅಂಕಪುಸ್ತಕದಲ್ಲಿ ಗುರುತು ಹಾಕುತ್ತಾ ಹೋಗುತ್ತೇನೆ. ಮೊನ್ನೆ ಒಂದು ತಪ್ಪು ಸಿಕ್ಕಿತು. ಅದು ಯಂತ್ರದ್ದಲ್ಲ, ನನ್ನದು.