ಬರೆಯಲು ಕಲಿಯುವವನ ಅನ್ನ

ಹಸಿದ ಹೊಟ್ಟೆಯಲ್ಲಿ ವಿದ್ಯೆ ನೆಲೆಗೊಳ್ಳಲಾರದು. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಆದುದರಿಂದಲೇ ಅವರು ಪಾಠಶಾಲೆಯನ್ನು ತೆರೆದ ಕಡೆಗಳಲ್ಲೆಲ್ಲ ಉಚಿತ ಪ್ರಸಾದ ನಿಲಯವನ್ನೂ ತೆರೆದರು. ಈ ಪತ್ರಿಕೆಯ ಓದುಗರಲ್ಲಿ ಅನೇಕರು ಅಂಥ ನಿಲಯಗಳ ಪಂಕ್ತಿಯಲ್ಲಿ ಕುಳಿತು ಉಂಡು, ಓದಿ, ಇಂದು ವೈದ್ಯರಾಗಿ, ಇಂಜಿನಿಯರರಾಗಿ, ಉಪಾಧ್ಯಾಯರಾಗಿ ಸಮಾಜದಲ್ಲಿ ನೆಲೆ ಕಂಡಿದ್ದಾರೆ. ಅದೇ ಏರ್ಪಾಡನ್ನು ಇನ್ನೊಂದು ವಿದ್ಯೆಗೂ ವಿಸ್ತರಿಸುವ ಕಾಲ ಬಂದಿದೆಯೆಂದು ನಮಗೆ ತೋರುತ್ತದೆ. ಅದು ಪತ್ರಿಕೆಗಳಿಗೆ ದೀರ್ಘವಾದ ನುಡಿಚಿತ್ರಗಳನ್ನು ಬರೆಯುವ ವಿದ್ಯೆ.

ಸುದ್ದಿಗೂ ನುಡಿಚಿತ್ರಕ್ಕೂ ಇರುವ ಭೇದವನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಒಂದು ಊರಿನ ಕೆರೆ ಬತ್ತಿತೆಂಬುದು ಸುದ್ದಿ. ಅದನ್ನು ನಾಲ್ಕು ವಾಕ್ಯಗಳಲ್ಲಿ ಸಂಜೆಯೊಳಗೆ ಬರೆದು ಕಳುಹಿಸಬಹುದು. ಆದರೆ ಆ ಕೆರೆ ಏಕೆ ಬತ್ತಿತು, ಹೂಳು ಎಂದಿನಿಂದ ತುಂಬುತ್ತ ಬಂತು, ನೀರು ತರುತ್ತಿದ್ದ ಕಾಲುವೆ ಯಾರ ಹೊಲದೊಳಗೆ ಮರೆಯಾಯಿತು, ತೂಬು ಕಾಯುತ್ತಿದ್ದ ನೀರಗಂಟಿಯ ಮಕ್ಕಳು ಈಗ ಯಾವ ಪಟ್ಟಣದಲ್ಲಿ ಕೂಲಿ ಮಾಡುತ್ತಿದ್ದಾರೆ ಎಂಬುದನ್ನೆಲ್ಲ ಅರಿಯಬೇಕಾದರೆ ಆ ಊರಿಗೆ ಬೇಸಗೆಯಲ್ಲೊಮ್ಮೆ, ಮುಂಗಾರಿನಲ್ಲೊಮ್ಮೆ, ಸುಗ್ಗಿಯಲ್ಲೊಮ್ಮೆ ಹೋಗಬೇಕು. ತಾಲ್ಲೂಕು ಕಚೇರಿಯಲ್ಲಿ ಕುಳಿತು ಹಳೆಯ ಸರ್ವೆ ನಕ್ಷೆಯನ್ನೂ ಪಹಣಿಯನ್ನೂ ತಾಳೆ ನೋಡಬೇಕು. ಒತ್ತುವರಿ ಮಾಡಿದವನೆಂದು ಊರು ಬೆರಳು ತೋರಿಸುವವನ ಮಾತನ್ನೂ ಕೇಳಬೇಕು. ಹೀಗೆ ಸಿದ್ಧವಾಗುವ ಬರೆಹ ಮೂರು ನಾಲ್ಕು ಸಾವಿರ ಪದಗಳದಾಗಬಹುದು; ಅದರ ಹಿಂದಿನ ದುಡಿಮೆ ತಿಂಗಳುಗಳದು.

ಈ ತಿಂಗಳುಗಳಲ್ಲಿ ಬರೆಯುವವನು ಉಣ್ಣುವುದೇನನ್ನು? ನಮ್ಮ ನಿಲಯದಲ್ಲಿ ಓದಿದ ಯುವಕನೊಬ್ಬ ಈಗ ಜಿಲ್ಲಾ ಕೇಂದ್ರವೊಂದರಲ್ಲಿ ವರದಿಗಾರನಾಗಿದ್ದಾನೆ. ಮೊದಲ ಆರು ತಿಂಗಳು ಅವನಿಗೆ ಸಂಬಳವೇ ಇರಲಿಲ್ಲ. ಅನುಭವ ದೊರೆಯುತ್ತದೆ, ಅಷ್ಟು ಸಾಕು ಎಂದಿದ್ದರಂತೆ. ಈಗ ಸಂಬಳವಿದೆ, ಬಿಡುವಿಲ್ಲ. ದಿನಕ್ಕೆ ನಾಲ್ಕೈದು ಸುದ್ದಿ, ಜೊತೆಗೆ ಮೊಬೈಲಿನಲ್ಲಿ ಚಿತ್ರೀಕರಣ. ಕಳೆದ ವರ್ಷ ಶ್ರೀಮಠಕ್ಕೆ ಬಂದಾಗ ತನ್ನೂರ ಕಡೆಯ ಕೆರೆಗಳ ವಿಷಯ ಬರೆದಿಟ್ಟ ದಪ್ಪನೆಯ ನೋಟುಪುಸ್ತಕವೊಂದನ್ನು ನಮಗೆ ತೋರಿಸಿದ. "ಬುದ್ಧೀ, ಇದಕ್ಕೆ ಮೂರು ತಿಂಗಳು ರಜೆ ಬೇಕು. ರಜೆ ಹಾಕಿದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ" ಎಂದ. ಅವನ ಸಹಪಾಠಿಯೊಬ್ಬನಿಗೆ ತಂದೆಯ ಕಡೆಯಿಂದ ಅನುಕೂಲವಿತ್ತು. ಅವನು ಸಂಬಳವಿಲ್ಲದೆ ಎರಡು ವರ್ಷ ಊರೂರು ಸುತ್ತಿ ಬರೆದು, ಹೆಸರು ಮಾಡಿದ. ಆ ಯುವಕನ ಬಗ್ಗೆ ನಮಗೆ ಸಂತೋಷವೇ ಇದೆ. ಆದರೆ ಅನುಕೂಲಸ್ಥರ ಮಕ್ಕಳು ಮಾತ್ರ ನಾಡಿನ ಕಥೆಯನ್ನು ವಿಸ್ತಾರವಾಗಿ ಬರೆಯಬಲ್ಲರೆಂದಾದರೆ, ಆ ಕಥೆಯಲ್ಲಿ ನೀರಗಂಟಿಯ ಮನೆಯ ಮಾತು ಎಷ್ಟು ಬಂದೀತು?

ಈ ಪ್ರಶ್ನೆ ನಮ್ಮನ್ನು ತಟ್ಟುವುದಕ್ಕೆ ಕಾರಣವಿದೆ. ಸಂಸ್ಕೃತ ಪಾಠಶಾಲೆಯಲ್ಲಿ ನಾವು ವ್ಯಾಕರಣ ಕಲಿಯುತ್ತಿದ್ದಷ್ಟು ವರ್ಷವೂ ಮಠದ ಅನ್ನವನ್ನುಂಡೆವು. ಮುಂದೆ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಕೈಗೊಂಡಾಗ ತಿಂಗಳಿಗಿಷ್ಟು ಎಂದು ಶಿಷ್ಯವೇತನ ಬರುತ್ತಿತ್ತು. ಒಂದೇ ಗ್ರಂಥದ ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಾಂತರಗಳನ್ನು ಗುರುತಿಸುತ್ತ ಇಡೀ ಚಳಿಗಾಲ ಕಳೆದದ್ದುಂಟು. ಇಂಥದೇ ನಿರ್ಣಯಕ್ಕೆ ಬರಬೇಕೆಂದು ಹಣ ಕೊಟ್ಟವರು ಯಾರೂ ಹೇಳಲಿಲ್ಲ. ಗುರುಗಳು ಮಾತ್ರ ಪ್ರತಿ ಪುಟವನ್ನೂ ತಿದ್ದಿದರು. ಆಧಾರವಿಲ್ಲದ ಮಾತನ್ನು ಕೆಂಪು ಮಸಿಯಿಂದ ಹೊಡೆದುಹಾಕಿದರು. ಶಿಷ್ಯವೇತನವೆಂಬ ಪದದಲ್ಲಿಯೇ ಶಿಷ್ಯನೂ ಇದ್ದಾನೆ, ವೇತನವೂ ಇದೆ. ಕಲಿಯುವುದೂ ಒಂದು ಕಾಯಕ, ಅದಕ್ಕೂ ಕೂಲಿ ಸಲ್ಲಬೇಕು ಎಂಬ ಭಾವವನ್ನು ನಾವು ಅದರಲ್ಲಿ ಕಾಣುತ್ತೇವೆ.

ಇಂಥ ಏರ್ಪಾಡಿನಿಂದ ಪತ್ರಿಕೋದ್ಯಮದಲ್ಲಿ ಏನಾಗಬಲ್ಲದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಉದಾಹರಣೆಯಿದೆ. 'ಬ್ಲಿಟ್ಜ್' ವಾರಪತ್ರಿಕೆಯ ಸಂಪಾದಕ ವರ್ಗದಲ್ಲಿ ಹಲವು ವರ್ಷ ದುಡಿದಿದ್ದ ಪಿ. ಸಾಯಿನಾಥ್ ಅವರಿಗೆ 1993ರಲ್ಲಿ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯ ಫೆಲೋಶಿಪ್ ದೊರೆಯಿತು. ದೇಶದ ಅತಿ ಬಡ ಜಿಲ್ಲೆಗಳಲ್ಲಿ ಜನ ಹೇಗೆ ಬದುಕುತ್ತಾರೆಂದು ನೋಡಿ ಬರೆಯುವುದು ಅವರು ಕೈಗೊಂಡ ಕೆಲಸ. ಕಾಳಾಹಾಂಡಿ, ಪಲಾಮು, ಸುರಗುಜ, ರಾಮನಾಥಪುರ ಮುಂತಾದ ಜಿಲ್ಲೆಗಳಲ್ಲಿ ಅವರು ಸಂಚರಿಸಿದರು; ಸಾವಿರಾರು ಕಿಲೋಮೀಟರುಗಳನ್ನು ಕಾಲ್ನಡಿಗೆಯಲ್ಲಿಯೇ ಕ್ರಮಿಸಿದರು. ಆ ಸಂಚಾರದಿಂದ 84 ವರದಿಗಳು ಪತ್ರಿಕೆಯಲ್ಲಿ ಬಂದವು. ಅವುಗಳಲ್ಲಿ ಅನೇಕವನ್ನು ಒಳಗೊಂಡ ಇಂಗ್ಲಿಷ್ ಪುಸ್ತಕ 1996ರಲ್ಲಿ ಪ್ರಕಟವಾಯಿತು, ಕನ್ನಡಕ್ಕೂ ಬಂದಿತು. ಆ ಪುಸ್ತಕದ ಗೌರವಧನವನ್ನು ಅವರು ಗ್ರಾಮೀಣ ಪತ್ರಕರ್ತರಿಗೆ ಪ್ರಶಸ್ತಿ ನೀಡಲು ವಿನಿಯೋಗಿಸಿದರು. 2014ರಲ್ಲಿ ಅವರು ಆರಂಭಿಸಿದ ಗ್ರಾಮೀಣ ಭಾರತದ ದಾಖಲೆ ಸಂಸ್ಥೆ 'ಪರಿ' ತಾನೇ ಇತರರಿಗೆ ಫೆಲೋಶಿಪ್ ನೀಡಿದೆ. ಪಡೆದವನು ಮರಳಿ ನೀಡುವವನಾದನು. ದಾಸೋಹದ ನಡೆಯೂ ಇದೇ ತಾನೆ?

ಸಾಯಿನಾಥರು ಆಗ ಹೊಸಬರಾಗಿರಲಿಲ್ಲ, ನಿಜ. ನುರಿತ ಕೈಗೇ ಅಷ್ಟು ಅವಕಾಶ ಬೇಕಾಗಿದ್ದರೆ ಎಳೆಯ ಕೈಗೆ ಇನ್ನೆಷ್ಟು ಬೇಕು! ಅಮೆರಿಕದ ಮಿಲ್ವಾಕೀ ಜರ್ನಲ್ ಪತ್ರಿಕೆಯ ಸ್ಥಾಪಕರಾದ ಲೂಷಿಯಸ್ ನೀಮನ್ ಅವರ ಸ್ಮರಣಾರ್ಥವಾಗಿ ಅವರ ಪತ್ನಿ ಆಗ್ನೆಸ್ ಬಿಟ್ಟುಹೋದ ಹಣದಿಂದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಆರಂಭವಾದ ಫೆಲೋಶಿಪ್ ಕೂಡ ಅನುಭವಸ್ಥರಿಗಾಗಿಯೇ ಇತ್ತು. ಮೊದಲ ವರ್ಷ 9 ಮಂದಿ ಅಲ್ಲಿಗೆ ಹೋದರು. ಈಚಿನ ವರ್ಷಗಳಲ್ಲಿ ಹೊಸಬರಿಗೆಂದೇ ಮೀಸಲಾದವು ಹುಟ್ಟಿಕೊಂಡಿವೆ. 'ದಿ ಓಪನ್ ನೋಟ್‌ಬುಕ್' ಎಂಬ ಅಮೆರಿಕದ ಸಂಸ್ಥೆ ವಿಜ್ಞಾನ ಬರೆಹಕ್ಕೆ ಹೊಸದಾಗಿ ಬಂದವರಿಗೆ ಹಣದ ಜೊತೆಗೆ ಒಬ್ಬ ಹಿರಿಯ ಮಾರ್ಗದರ್ಶಕರನ್ನೂ ಒದಗಿಸಿದೆ. ಈ ಎರಡನೆಯದೇ ಮುಖ್ಯ. ಹಣ ಕಾಲವನ್ನು ಕೊಡುತ್ತದೆ. ಬರೆದುದನ್ನು ಮೂರು ಬಾರಿ ತಿದ್ದಿಸಿ, ಈ ಅಂಕಿ ಎಲ್ಲಿಂದ ಬಂತು, ಈ ಮಾತನ್ನು ಆಡಿದವರು ಯಾರು ಎಂದು ಕೇಳುವ ಹಿರಿಯರು ಸಿಕ್ಕಿದರೆ ಮಾತ್ರ ಆ ಕಾಲ ವಿದ್ಯೆಯಾಗುತ್ತದೆ.

ಹಿಂದಿನವರು ವೇತನವಿಲ್ಲದೆ ಬರೆಯಲಿಲ್ಲವೇ ಎಂದು ಕೆಲವರು ಕೇಳಬಹುದು. 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದ ಡಿ.ವಿ. ಗುಂಡಪ್ಪನವರ ಮನೆಯ ಬಡತನವನ್ನು ಕನ್ನಡಿಗರೆಲ್ಲ ಕೇಳಿ ಬಲ್ಲರು. ಅಂಥ ತಪಸ್ಸಿಗೆ ನಾವು ಕೈಮುಗಿಯುತ್ತೇವೆ. ಆದರೆ ಒಬ್ಬರು ತಾವಾಗಿ ಕೈಗೊಂಡ ವ್ರತವನ್ನು ಇಡೀ ವೃತ್ತಿಗೆ ನಿಯಮವಾಗಿ ಹೇರುವುದು ನ್ಯಾಯವಲ್ಲ. ಬಡತನವನ್ನು ತಾಳಿಕೊಂಡು ಬರೆದವರ ಹೆಸರು ನಮಗೆ ಗೊತ್ತು. ತಾಳಲಾರದೆ ಲೇಖನಿಯನ್ನು ಕೆಳಗಿಟ್ಟವರ ಹೆಸರು ಯಾರಿಗೂ ಗೊತ್ತಿಲ್ಲ.

ಇದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಭಕ್ತರೊಬ್ಬರು ನಮಗೆ ಹಾಕಿದರು. ತಾಯಿಯ ಹೆಸರಿನಲ್ಲಿ ಅತಿಥಿಗೃಹಕ್ಕೆ ಕೊಠಡಿಯೊಂದನ್ನು ಕಟ್ಟಿಸಿಕೊಡುವ ಸಂಕಲ್ಪ ಅವರದು. ಕೊಠಡಿಗಳು ಸಾಕಷ್ಟಿವೆ, ಆ ಹಣದಲ್ಲಿ ಒಬ್ಬ ಹೊಸ ಬರೆಹಗಾರನಿಗೆ ಒಂದು ವರ್ಷದ ಅನ್ನ, ಪ್ರಯಾಣದ ವೆಚ್ಚ ಕೊಡಬಾರದೇ ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬುದ್ಧೀ, ನಾಳೆ ಆ ಹುಡುಗ ನನ್ನ ಗಿರಣಿಯ ಕೂಲಿಯವರ ಬಗ್ಗೆಯೇ ಬರೆದರೆ?" ಎಂದರು. ಮತ್ತೆ ಮೆಲ್ಲನೆ, "ಮಠದ ಜಮೀನಿನ ಬಗ್ಗೆ ಬರೆದರೆ?" ಎಂದರು.

ಆ ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸಲಿಲ್ಲ. ಕೊಟ್ಟವನ ಮುಖ ನೋಡಿ ಬರೆಯುವುದನ್ನೇ ಕಲಿಸುವ ವೇತನಕ್ಕಿಂತ ವೇತನವಿಲ್ಲದಿರುವುದೇ ಲೇಸು. ಆದ್ದರಿಂದ ಅವರಿಗೆ ಹೀಗೆ ಹೇಳಿದೆವು: "ಬರೆದದ್ದು ಸುಳ್ಳಾದರೆ ಅವನ ಹಿರಿಯರು ಅಚ್ಚಿಗೆ ಮೊದಲೇ ತಡೆಯುತ್ತಾರೆ. ನಿಜವಾದರೆ ನಿಮ್ಮ ಗಿರಣಿಯನ್ನು ನೀವು ತಿದ್ದಿಕೊಳ್ಳಿ, ನಮ್ಮ ಜಮೀನಿನ ಲೆಕ್ಕವನ್ನು ನಾವು ತಿದ್ದಿಕೊಳ್ಳುತ್ತೇವೆ. ಪಂಕ್ತಿಯಲ್ಲಿ ಉಣಬಡಿಸಿದ ಮೇಲೆ ಉಂಡವನ ನಾಲಗೆಯನ್ನು ಕಟ್ಟಿಹಾಕಿದ ಮಠ ಎಲ್ಲಾದರೂ ಉಂಟೇ?" ಅವರು ಇನ್ನೂ ಒಪ್ಪಿಲ್ಲ, ನಿರಾಕರಿಸಿಯೂ ಇಲ್ಲ. ಯೋಚಿಸುತ್ತಿದ್ದಾರೆ. ಯೋಚಿಸಬೇಕಾದ ವಿಷಯವೇ ಅದು.

ಈ ಬರೆಹವನ್ನು ಓದುತ್ತಿರುವ ಭಕ್ತಮಹಾಶಯರೂ ಹಳೆಯ ವಿದ್ಯಾರ್ಥಿಗಳೂ ಹಾಗೆಯೇ ಯೋಚಿಸಲೆಂದು ನಮ್ಮ ಅಪೇಕ್ಷೆ. ಬೇಕಾದದ್ದು ದೊಡ್ಡ ಸಂಸ್ಥೆಯಲ್ಲ. ವರ್ಷಕ್ಕೊಬ್ಬ ಯುವಕನೋ ಯುವತಿಯೋ. ತಿಂಗಳು ತಿಂಗಳಿಗೆ ತಪ್ಪದೆ ಕೈಸೇರುವ ವೇತನ. ಬಸ್ಸಿನ ಮತ್ತು ತಂಗುವ ವೆಚ್ಚ. ತಿದ್ದುವ ಒಬ್ಬ ಅನುಭವಿ ಸಂಪಾದಕರು. ಆಯ್ಕೆಯಲ್ಲಿ ಜಾತಿಯನ್ನು ಕೇಳದ, ಬರೆಹದಲ್ಲಿ ಕೈಹಾಕದ ದಾನಿಗಳು. ಇಷ್ಟಿದ್ದರೆ ಆ ನೋಟುಪುಸ್ತಕದಲ್ಲಿ ಕಾದು ಕುಳಿತಿರುವ ಕೆರೆಗಳ ಕಥೆ ಹೊರಗೆ ಬಂದೀತು. ಕಟ್ಟಿಸಿದ ಕೊಠಡಿಯ ಗೋಡೆಯ ಮೇಲೆ ತಾಯಿಯ ಹೆಸರನ್ನು ಬರೆಸಬಹುದು. ಈ ದಾನದಲ್ಲಿ ಹೆಸರು ಎಲ್ಲಿಯೂ ಕಾಣದೆ ಹೋಗಬಹುದು. ಆ ತಾಯಿ ಎಷ್ಟೋ ಮಕ್ಕಳಿಗೆ ಉಣಬಡಿಸಿದಾಗಲೂ ಹೆಸರು ಕೇಳಿದವರಲ್ಲ.