ನಟಿ ಜಯಮ್ಮನವರು

ಕೊಟ್ಟೂರು ಗುರುಬಸವೇಶ್ವರನ ತೇರು, ಹಡಗಲಿ ಸೀಮೆಯ ಮೈಲಾರದ ಜಾತ್ರೆ, ಇವು ಬಂದುವೆಂದರೆ ನಾಟಕ ಕಂಪನಿಗಳ ಡೇರೆಗಳೂ ಏಳುತ್ತಿದ್ದುವು. ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗಳ ಕಡೆಯ ಜನರು ಬಂಡಿ ಕಟ್ಟಿಕೊಂಡು ಬಂದು ಬೆಳಗಿನವರೆಗೆ ನೋಡುತ್ತಿದ್ದರು. ದ್ರೌಪದಿಯ ದುಃಖಕ್ಕೆ ಕಣ್ಣೀರು ಸುರಿಸಿದವರೇ, ಆ ಪಾತ್ರವನ್ನು ಧರಿಸಿದ ಹೆಂಗಸಿಗೆ ಬಾಡಿಗೆಯ ಮನೆ ಕೊಡಲು ಹಿಂಜರಿಯುತ್ತಿದ್ದುದನ್ನು ಬಾಲ್ಯದಲ್ಲಿ ಕಂಡಿದ್ದೇನೆ. ಈ ವೈಪರೀತ್ಯವನ್ನು ಯೋಚಿಸುವಾಗ ಗುಬ್ಬಿ ಕಂಪನಿಯ ಬಿ. ಜಯಮ್ಮನವರು ನೆನಪಾಗುವರು.

1884ರಲ್ಲಿ ಹುಟ್ಟಿದ ಆ ಕಂಪನಿಯ ಆದಿಕಾಲದಲ್ಲಿ ಗಂಡಸರೇ ಸ್ತ್ರೀವೇಷ ಹಾಕುತ್ತಿದ್ದರು. 1915ರಲ್ಲಿ ಜನಿಸಿದ ಜಯಮ್ಮನವರು ಚಿಕ್ಕಂದಿನಲ್ಲಿಯೇ ರಂಗವನ್ನೇರಿ, ಅದರ ಪ್ರಧಾನ ನಾಯಿಕೆಯಾದರು. ಗುಬ್ಬಿ ವೀರಣ್ಣನವರ ಪತ್ನಿಯೂ ಆದರು. 1931ರ ಮೂಕಚಿತ್ರ ‘ಹಿಸ್ ಲವ್ ಅಫೇರ್’ನಲ್ಲಿ ಅಭಿನಯಿಸಿದರು. ಡೇರೆಯ ಕಡೆಯ ಸಾಲಿಗೂ ಮುಟ್ಟುವಂತೆ ಹಾಡಬೇಕಾದ ಕಲೆ ಒಂದು. ಮಾತೇ ಇಲ್ಲದೆ ಮುಖಭಾವದಿಂದ ತಿಳಿಸಬೇಕಾದ ಕಲೆ ಇನ್ನೊಂದು. ಎರಡನ್ನೂ ಅವರು ಸಾಧಿಸಿದರು. 1945ರ ತೆಲುಗು ಚಿತ್ರ ‘ಸ್ವರ್ಗಸೀಮ’ದಲ್ಲಿ ಗಂಡನಿಂದ ಪರಿತ್ಯಕ್ತಳಾದ ಗೃಹಿಣಿಯಾದರು, 1946ರಲ್ಲಿ ‘ಹೇಮರೆಡ್ಡಿ ಮಲ್ಲಮ್ಮ’ದ ಮಲ್ಲಮ್ಮನಾದರು. ಅತ್ತೆ ನಾದಿನಿಯರ ಕಾಟವನ್ನು ಸಹಿಸಿ ಶ್ರೀಶೈಲದ ಮಲ್ಲಿಕಾರ್ಜುನನನ್ನು ನಂಬಿದ ಆ ಸಾಧ್ವಿಯು ನಮ್ಮ ಮನೆಮನೆಯ ದೈವವಷ್ಟೆ. ಟೂರಿಂಗ್ ಟಾಕೀಸಿನಲ್ಲಿ ಆ ಚಿತ್ರವನ್ನು ಕಂಡ ನಮ್ಮ ಅಜ್ಜಿಯು ಪರದೆಗೆ ಕೈಮುಗಿದುದನ್ನು ಮನೆಯ ಹಿರಿಯರು ಹೇಳುತ್ತಿದ್ದರು. 1988ರಲ್ಲಿ ಜಯಮ್ಮನವರು ದಿವಂಗತರಾದರು.

ನಾನು ಕಲಿತ ಪಾಠಶಾಲೆಯಲ್ಲಿ ಶಾಕುಂತಲವನ್ನು ಓದುವುದು ವಿಹಿತ, ನಾಟಕವನ್ನು ನೋಡುವುದು ನಿಷಿದ್ಧ. ಸ್ಮೃತಿಗಳು ನಟವರ್ಗವನ್ನು ನಿಂದಿಸಿರುವುದು ನಿಜ. ಆದರೆ ನಾಟ್ಯದ ವಿಷಯದಲ್ಲಿ ಪ್ರಮಾಣವಾದ ಭರತನ ಗ್ರಂಥವು ಮೊದಲ ಅಧ್ಯಾಯದಲ್ಲಿಯೇ ಬೇರೆಯ ಮಾತನ್ನು ಹೇಳುತ್ತದೆ: ಕೈಶಿಕೀವೃತ್ತಿಯು ಸ್ತ್ರೀಯರಿಲ್ಲದೆ ಕೇವಲ ಪುರುಷರಿಂದ ಸಾಧ್ಯವಾಗದು, ಆದುದರಿಂದಲೇ ಬ್ರಹ್ಮನು ಅಪ್ಸರೆಯರನ್ನು ಸೃಷ್ಟಿಸಿ ಭರತನಿಗೆ ಒಪ್ಪಿಸಿದನು. ಹೀಗಿರಲು ನಟಿಯು ರಂಗಕ್ಕೆ ಹೊರಗಿನಿಂದ ಬಂದ ದೋಷವಲ್ಲ. ಅದರ ಒಂದು ಅಂಗವೇ ಆಗಿರುವಳು.

ಈಗಲೂ ನಮ್ಮ ಹಳ್ಳಿಗಳ ಹವ್ಯಾಸಿ ಸಂಘಗಳು ನಾಟಕವಾಡುವಾಗ ಸ್ತ್ರೀಪಾತ್ರಗಳಿಗಾಗಿ ಪರಸ್ಥಳದ ನಟಿಯರನ್ನು ಕರೆಸುವುದುಂಟು. ಸಂಭಾವನೆ ಗೊತ್ತುಮಾಡಿದ ಮಾತ್ರಕ್ಕೆ ನಮ್ಮ ಹೊಣೆ ತೀರಲಿಲ್ಲ. ಬಣ್ಣ ಹಚ್ಚಿಕೊಳ್ಳಲು ಮರೆಯಾದ ಸ್ಥಳ, ಗೃಹಸ್ಥರ ಮನೆಯಲ್ಲಿ ಊಟ, ಬೆಳಗಾದ ಮೇಲೆ ಬಸ್ಸಿನವರೆಗೆ ಹೋಗಿ ಕಳುಹಿಸಿಬರುವ ಹಿರಿಯರೊಬ್ಬರು, ಇಷ್ಟನ್ನು ಊರಿನವರು ಒದಗಿಸಲಿ. ಮಲ್ಲಮ್ಮನಿಗೆ ಮುಗಿದ ಕೈಗಳು ಮಲ್ಲಮ್ಮನಾಗಿ ನಿಂತವಳನ್ನು ಆದರಿಸಲಾರದೆ ಹೋದರೆ, ನಾವು ನೋಡಿದ ನಾಟಕದಿಂದ ಪಡೆದ ಫಲವಾದರೂ ಏನು?